ಮೂಗು ಹೋದ ಪುಣ್ಯವಂತ

ನಮ್ಮ ಮನೆಯಲ್ಲೀಗ ಬಾಣಂತಿ ಮಗಳಿದ್ದಾಳೆ. ಅಂದಮೇಲೆ ಮನೆ ಹೇಗೆ ನಾರುತ್ತದೆ ಎಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಬೆಳ್ಳುಳ್ಳಿ ಒಗ್ಗರಣೆ, ಕಾಳುಮೆಣಸಿನ ಕಷಾಯ, ಬಚ್ಚಲ ಒಲೆಯ ಹೊಗೆ, ಅದರ ಮೇಲೆ ಲೋಬಾನ. ಸಾಲದ್ದಕ್ಕೆ ಹೊರಗೆ ತದಡಿ ಬಂದರಿನ ಒಣಮೀನು. ಇವೆಲ್ಲದರ ನಡುವೆ ಹನ್ನೊಂದು ದಿನದ ನನ್ನ ಮೊಮ್ಮಗಳು ರಾಣಿಯ ಹಾಗೆ ಮಲಗಿದ್ದಾಳೆ. ಮೊದಲ ಮೊಮ್ಮಗಳು. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ಅವಳ ಚಂದವನ್ನು ಬರೆಯುವಷ್ಟು ಅಕ್ಷರ ನನ್ನ ಹತ್ತಿರ ಇಲ್ಲ. ಹಾಗಾಗಿ ಮೂಗಿನ ವಿಷಯ ಬರೆಯುತ್ತೇನೆ. ನಡುವೆ ಮೊಮ್ಮಗಳ ಸುದ್ದಿ ಬಂದರೆ ಸಹಿಸಿಕೊಳ್ಳಿ, ಕೇರಿಯವರೆಲ್ಲ ಸಹಿಸಿಕೊಂಡಿದ್ದಾರೆ.

ಬಾಣಂತಿಯನ್ನು ನೋಡಲು ಬೆಳಿಗ್ಗೆ ನರ್ಸಮ್ಮ ಬಂದಿದ್ದಳು. ಘಟ್ಟದ ಮೇಲಿನ ಹುಡುಗಿ, ಈ ಕಡೆಗೆ ಹೊಸಬಳು. ಕೂಸಿನ ತೂಕ ನೋಡಿಯಾದ ಮೇಲೆ ಚೀಲದಿಂದ ಒಂದು ಕಾಗದ ತೆಗೆದಳು. ಅದರ ಮೇಲೆ ಸೋರೆಕಾಯಿಯಷ್ಟು ದೊಡ್ಡ ಮೂಗಿನ ಚಿತ್ರ. ವಾಸನೆ ತಿಳಿಯದಿರುವುದೂ ಒಂದು ಕಾಯಿಲೆಯೇ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಜನರಿಗೆ ಈ ಬಗ್ಗೆ ತಿಳಿವಳಿಕೆ ಬರಬೇಕು ಎಂದು ಪಾಠ ಒಪ್ಪಿಸಿದಳು. ಪಾಪ, ಇಷ್ಟನ್ನೂ ಹೇಳಿದ್ದು ಸೆರಗಿನಿಂದ ಮೂಗು ಮುಚ್ಚಿಕೊಂಡೇ.

ನನಗೆ ನಗು ಬಂತು, ಸಂತೋಷವೂ ಆಯಿತು. ಸರಕಾರಕ್ಕೆ ಕಡೆಗೂ ಮೂಗು ಕಾಣಿಸಿತಲ್ಲ. ಹದಿಮೂರು ವರ್ಷ ತಡವಾಯಿತು, ಅಷ್ಟೆ.

ರೇಡಿಯೋದಲ್ಲಿ ಎಮರ್ಜೆನ್ಸಿ ಎಮರ್ಜೆನ್ಸಿ ಎನ್ನುತ್ತಿದ್ದ ಮಳೆಗಾಲ ಅದು. ಇವರಿಗೆ ಜ್ವರ ಬಂತು. ಇವರು ಅಂದರೆ ನನ್ನ ಯಜಮಾನರು. ಅಲ್ಲಿಯವರೆಗೆ ನಮ್ಮ ಕೇರಿಯಲ್ಲಿ ಇವರ ಮೂಗು ಕೋರ್ಟು ಇದ್ದ ಹಾಗೆ. ಬಂಗುಡೆಯ ಕಿವಿರು ಎತ್ತಿ ಒಮ್ಮೆ ಮೂಸಿದರೆ ಸಾಕು, ಇದು ಇವತ್ತಿನದು, ಇದು ನಿನ್ನೆಯದು, ಇದು ಬರ್ಫದಲ್ಲಿ ಮಲಗಿ ಎದ್ದು ಬಂದದ್ದು ಎಂದು ತೀರ್ಪು ಕೊಡುತ್ತಿದ್ದರು. ಕುಮಟೆಯ ಪೇಟೆಯಲ್ಲಿ ನಾನು ಬುಟ್ಟಿ ಇಳಿಸಿದರೆ ಗಿರಾಕಿಗಳು ಮೀನು ಮೂಸುತ್ತಿರಲಿಲ್ಲ, ಇವರು ಮೂಸಿದ್ದಾರೋ ಇಲ್ಲವೋ ಎಂದು ಕೇಳುತ್ತಿದ್ದರು. ಜ್ವರ ಏಳನೇ ದಿನ ಬಿಟ್ಟಿತು. ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು.

ಹೊನ್ನಾವರದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆವು. ಅವರು ಬ್ಯಾಟರಿ ಬಿಟ್ಟು ಎರಡೂ ಹೊಳ್ಳೆ ನೋಡಿ, ಉಸಿರು ಆಡುತ್ತದಲ್ಲ ಎಂದರು. ಆಡುತ್ತದೆ ಎಂದರು ಇವರು. ಹಾಗಾದರೆ ಮೂಗಿನ ಕೆಲಸ ಸರಿಯಾಗಿಯೇ ನಡೆಯುತ್ತಿದೆ, ಕಣ್ಣು ಹೋದವರನ್ನು ನೆನೆಸಿಕೊಂಡು ಸಮಾಧಾನ ಮಾಡಿಕೊಳ್ಳಿ ಎಂದು ಕಳಿಸಿಕೊಟ್ಟರು. ಆ ಸಮಾಧಾನವನ್ನು ದಿನಕ್ಕೆ ಎಷ್ಟು ಸಲ ತೆಗೆದುಕೊಳ್ಳಬೇಕು ಎಂದು ಮಾತ್ರ ಬರೆದುಕೊಡಲಿಲ್ಲ.

ಊರಿಗೆ ಸುದ್ದಿ ಮುಟ್ಟಿತು. ಕಾಲು ಮುರಿದವನನ್ನು ನೋಡಲು ಬರುವವರು ಬಾಳೆಹಣ್ಣು ತರುತ್ತಾರೆ. ಇವರನ್ನು ನೋಡಲು ಬಂದವರ ಮುಖದಲ್ಲಿ ಹೊಟ್ಟೆಕಿಚ್ಚು ಇತ್ತು. ದಿನವೆಲ್ಲ ಮೀನಿನ ನಡುವೆ ಬದುಕುವವರಲ್ಲಿ ಮೂಗು ಹೋಗುವುದೆಂದರೆ ದೇವರು ವರ ಕೊಟ್ಟ ಹಾಗೆ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಇವರು ಹೋಗುತ್ತಿದ್ದ ದೋಣಿಯ ಮುಖ್ಯಸ್ಥರು ತಾಂಡೇಲರು. ಅವರೂ ಬಂದು ಜಗುಲಿಯ ಮೇಲೆ ಕೂತು ನಿಟ್ಟುಸಿರು ಬಿಟ್ಟರು.

"ನೀ ಪುಣ್ಯವಂತ ಮಾರಾಯಾ. ನಮ್ಗೆ ಈ ನಾತ ಸತ್ತ ಮೇಲೇ ತಪ್ಪೂದು. ನಿಂಗೆ ಬದ್ಕಿದ್ದಾಗ್ಲೇ ತಪ್ಪಿ ಹೋಯ್ತು."

ಪುಣ್ಯವಂತರನ್ನು ಕೆಲಸವೂ ಹುಡುಕಿಕೊಂಡು ಬಂತು. ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆ ಎಳೆದು ಹಲಗೆಗಳಿಗೆ ಮೀನೆಣ್ಣೆ ಬಳಿಯುವುದು ನಮ್ಮಲ್ಲಿ ಪದ್ಧತಿ. ಹಳೆಯ ಎಣ್ಣೆ, ಡಬ್ಬದ ಮುಚ್ಚಳ ತೆಗೆದರೆ ತೆಂಗಿನ ಮರದ ಕಾಗೆಯೂ ಎದ್ದು ಹೋಗುತ್ತದೆ. ಮೊದಲು ಸರದಿಯ ಮೇಲೆ ಬಳಿಯುತ್ತಿದ್ದರು. ಈಗ ಸರದಿ ನಿಂತಿತು, ಎಲ್ಲ ದೋಣಿಗೂ ಇವರೇ. ಕೊಳೆತ ಸಿಗಡಿಯ ಪೀಪಾಯಿ ಬರಿದು ಮಾಡಲು ಇವರು, ಬಾವಿಗೆ ಬಿದ್ದು ಸತ್ತ ನಾಯಿಮರಿಯನ್ನು ತೆಗೆಯಲು ಇವರು. ಪ್ರತಿ ಸಲವೂ ಬಹಳ ಮರ್ಯಾದೆಯಿಂದ ಮನೆಗೇ ಬಂದು ಕರೆಯುತ್ತಿದ್ದರು. ಮೀನಿಗೆ ನ್ಯಾಯ ಹೇಳುತ್ತಿದ್ದವರು ಒಂದೇ ಮಳೆಗಾಲದಲ್ಲಿ ಊರಿನ ಸಮಸ್ತ ನಾತಕ್ಕೂ ಅಧಿಕಾರಿಯಾದರು. ನಾನೂ ಹೆಮ್ಮೆಪಟ್ಟೆ, ಸುಳ್ಳು ಯಾಕೆ ಹೇಳಲಿ.

ಹೆಮ್ಮೆ ಇಳಿದದ್ದು ಊಟದ ಹೊತ್ತಿಗೆ. ಇವರು ಎರಡು ತುತ್ತು ತಿಂದು ಬಟ್ಟಲು ಸರಿಸತೊಡಗಿದರು. ಉಪ್ಪು ಸರಿ ಇದೆಯೇ ಎಂದರೆ ಇದೆ, ಹುಳಿ ಇದೆಯೇ ಎಂದರೆ ಇದೆ. ಮತ್ತೆ ಏನು ಇಲ್ಲ ಎಂದರೆ ಎದ್ದು ಕೈ ತೊಳೆಯುತ್ತಿದ್ದರು. ಇಷ್ಟು ವರ್ಷ ಉಂಡವರಿಗೆ ಈಗ ನನ್ನ ಕೈಯಲ್ಲಿ ಕೊರತೆ ಕಂಡಿತೇ ಎಂದು ನನಗೆ ಸಿಟ್ಟು. ಅದರ ಮೇಲೆ, ಬಲೆಯ ನೂಲು ತರಲು ಭಟ್ಕಳಕ್ಕೆ ಹೋದವರು ಎಂದಿನಂತೆ ಮಲ್ಲಿಗೆ ದಂಡೆ ತಂದರು. ನೋಡಿದರೆ ಹಳೆಯ ಹೂವು, ಎಲೆಯೊಳಗೇ ಕೊಳೆತು ನಾರುತ್ತಿತ್ತು. ಇವರು ಎಂದಿನಂತೆಯೇ, ಒಳ್ಳೆ ಪರಿಮಳ ಅಲ್ಲವೇ ಎಂದರು. ನನ್ನನ್ನು ಅಣಕಿಸುತ್ತಿದ್ದಾರೆಂದು ನಾನು ಎರಡು ದಿನ ಮಾತು ಬಿಟ್ಟೆ. ಯಜಮಾನರ ಮೂಗು ಹೋಗಿದೆ ಎಂದು ಕೇರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನೇ. ಮೂಗಿನ ಜೊತೆ ಏನೇನು ಹೋಗುತ್ತದೆ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ ನೋಡಿ.

ಸಿಟ್ಟಿನಲ್ಲಿ ಸಾರಿಗೆ ಮೆಣಸು ಹೆಚ್ಚು ಅರೆದೆ. ಇವರು ಕಣ್ಣೀರು ಸುರಿಸುತ್ತ ಬಟ್ಟಲು ಬರಿದು ಮಾಡಿದರು. ಓಹೋ, ರುಚಿ ಹತ್ತಿತು ಎಂದು ಮರುದಿನ ಇನ್ನೂ ಹೆಚ್ಚು ಅರೆದೆ. ಎಂಟು ದಿನದಲ್ಲಿ ಮಗಳು ನೆರೆಮನೆಯಲ್ಲಿ ಉಣ್ಣತೊಡಗಿದಳು, ಇವರು ಹೊಟ್ಟೆ ಹಿಡಿದುಕೊಂಡು ಮಲಗಿದರು. ಎಣ್ಣೆ ಉಜ್ಜೋಣವೆಂದು ಅಂಗಿ ಎತ್ತಿದರೆ ಪಕ್ಕೆಲುಬು ಒಂದೊಂದೇ ಕೈಗೆ ಸಿಕ್ಕಿತು. ಅಷ್ಟು ಖಾರ ಯಾಕೆ ತಿಂದಿರಿ, ಬೇಡ ಅನ್ನಬಾರದಿತ್ತೇ ಎಂದೆ.

"ಉರಿ ಆದ್ರೂ ಗೊತ್ತಾಗ್ತದಲ್ಲ," ಎಂದರು. ಅಂಗಿಯನ್ನು ಕೆಳಗೆ ಎಳೆದುಕೊಂಡು, "ನಿನ್ನ ಅಡ್ಗೆ ಹಂಗೇ ಅದೆ ಮಾರಾಯ್ತಿ. ಉಣ್ಣೂಕೆ ಕೂತ್ರೆ ನಾನೇ ಅಲ್ಲಿಲ್ಲ."

ನಾನು ಎದ್ದವಳೇ ತಾಂಡೇಲರ ಮನೆಗೆ ಹೋದೆ. ಇನ್ನು ನಿಮ್ಮ ದೋಣಿಗೆ ನೀವೇ ಎಣ್ಣೆ ಬಳಿದುಕೊಳ್ಳಿ ಎಂದೆ. ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು.

"ಅವಂಗೆ ನಾತ ಬರೂದಿಲ್ಲಲ್ಲ, ಎಂತ ತ್ರಾಸು?"

"ಪರಿಮಳನೂ ಬರೂದಿಲ್ಲ ತಾಂಡೇಲ್ರೇ," ಎಂದೆ.

ಆ ಮಾತು ಅವರ ತಲೆಗೆ ಬಂದೇ ಇರಲಿಲ್ಲ. ಮುಂದಿನ ವಾರ ಮೂಗಿಗೆ ಪಂಚೆ ಸುತ್ತಿಕೊಂಡು ತಾವೇ ಎಣ್ಣೆ ಬಳಿದರು, ದಾರಿಯಲ್ಲಿ ಸಿಕ್ಕವರಿಗೆಲ್ಲ ನನ್ನ ಬಾಯಿ ಜೋರು ಎಂದು ಹೇಳಿದರು.

ಅಂದಿನಿಂದ ಬಡಿಸುವಾಗ ಒಂದೊಂದರ ವಾಸನೆಯನ್ನೂ ನಾನು ಬಾಯಲ್ಲಿ ಹೇಳತೊಡಗಿದೆ. ಒಳ್ಳೆ ವಾಸನೆ ಬರುತ್ತಿದೆ ಎಂದರೆ ಇವರು ಬಿಡುವವರಲ್ಲ, ಒಳ್ಳೆಯದು ಅಂದರೆ ಹೇಗೆ ಎಂದು ಕೇಳುತ್ತಾರೆ. ಮೂರನೇ ಇಯತ್ತೆಯವಳ ಕಷ್ಟ ಯೋಚಿಸಿ. ಹುರಿದ ಬಂಗುಡೆ ಅಂದರೆ ನಮ್ಮ ಮದುವೆಯ ಮರುದಿನ ನಿಮ್ಮ ಅಕ್ಕನ ಮನೆಯ ಅಡುಗೆಕೋಣೆ ಎಂದೆ. ಮೊದಲ ಮಳೆ ಅಂದರೆ ಒಣಗಿದ ಬಲೆಗೆ ನೀರು ಚಿಮುಕಿಸಿದ ಹಾಗೆ ಎಂದೆ. ಇವರು ಕಣ್ಣು ಮುಚ್ಚಿ ಕೇಳಿ, ಒಂದು ತುತ್ತು ಉಣ್ಣುತ್ತಿದ್ದರು. ಹಾಗೆ ತುತ್ತು ತುತ್ತಾಗಿ ಪಕ್ಕೆಲುಬು ಮುಚ್ಚಿತು. ಮೂಗು ಮಾತ್ರ ತಿರುಗಿ ಬರಲಿಲ್ಲ.

ನರ್ಸಮ್ಮನಿಗೆ ಇದೆಲ್ಲ ಹೇಳಿ, ನಿನ್ನ ಕಾಗದದಲ್ಲಿ ಸೇರಿಸಿಕೋ ಎಂದೆ. ಮೂಗು ಹೋದವರನ್ನು ನೋಡಿ ನಗಬೇಡಿ. ನೀವು ಮೂಸಿ ನೋಡದೆ ಅವರಿಗೆ ಮೀನು ಬಡಿಸಬೇಡಿ. ಹೊತ್ತಿಸಿದ ಒಲೆಯ ಹತ್ತಿರ ಅವರೊಬ್ಬರನ್ನೇ ಬಿಟ್ಟು ಹೋಗಬೇಡಿ, ಹೊಗೆ ಅವರಿಗೆ ತಿಳಿಯುವುದಿಲ್ಲ. ಮುಖ್ಯವಾಗಿ, ಸಾರಿಗೆ ಮೆಣಸು ಜಾಸ್ತಿ ಹಾಕಬೇಡಿ. ಕೊನೆಯದಕ್ಕೆ ಕಾಗದದಲ್ಲಿ ಜಾಗ ಇಲ್ಲ ಎಂದಳು. ಆದರೆ ಹೋಗುವಾಗ ಸೆರಗು ಮೂಗಿನ ಮೇಲಿರಲಿಲ್ಲ.

ಅವಳು ಹೋದ ಮೇಲೆ ಕೂಸಿಗೆ ಎರೆದು, ಬಟ್ಟೆಯಲ್ಲಿ ಸುತ್ತಿ ಇವರ ತೊಡೆಯ ಮೇಲೆ ಇಟ್ಟೆ. ಇವರು ನನ್ನ ಕಡೆ ನೋಡಿ, "ಹೇಳೆ," ಎಂದರು.

ನಾನು ಬಗ್ಗಿ ಕೂಸಿನ ನೆತ್ತಿಗೆ ಮೂಗು ಇಟ್ಟೆ. ಹಾಲು ಎನ್ನೋಣವೆಂದರೆ ಹಾಲಲ್ಲ. ಎಣ್ಣೆಯಲ್ಲ, ಲೋಬಾನವೂ ಅಲ್ಲ. ಇನ್ನೊಮ್ಮೆ ಮೂಸಿದೆ. ಹದಿಮೂರು ವರ್ಷದಲ್ಲಿ ನಾನು ಹೀಗೆ ಸೋತದ್ದೇ ಇಲ್ಲ. ಇವರು ಕಾಯುತ್ತಿದ್ದರು. ಬಾಯಿ ತೆರೆದರೆ ನಗು ಬಂತು, ನಗುವಿನ ಹಿಂದೆಯೇ ಕಣ್ಣಲ್ಲಿ ನೀರು.

ಈ ಸಲ ಇವರು ಕಣ್ಣು ಮುಚ್ಚಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು.

"ಆತು, ಗೊತ್ತಾತು," ಎಂದರು. "ಇನ್ನೊಂದ್ ಸಲ ಮೂಸು."