ಕಲ್ಲಿನ ಮುಂದಿನ ಎಡೆ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ನನ್ನ ತಮ್ಮನ ಹೆಸರಿನ ಕಲ್ಲು ನಿಂತಿತ್ತು. ಸ್ವಾತಂತ್ರ್ಯ ಚಳವಳಿಯಲ್ಲಿ ಬಾವುಟ ಹಿಡಿದು ಹೊರಟವನು ಪೊಲೀಸರ ಲಾಠಿ ತಲೆಗೆ ಬಿದ್ದು ಅಲ್ಲೇ ಸತ್ತಿದ್ದ. ಮಹಾಯುದ್ಧ ಮುಗಿದ ಮೇಲೆ ಪೇಟೆಯ ಖಾದಿಯವರು ಸಮಿತಿ ಮಾಡಿಕೊಂಡು, ಅದೇ ಜಾಗದಲ್ಲಿ ಕಲ್ಲು ನೆಡಿಸಿದರು. ಆಳೆತ್ತರದ ಆ ಕಲ್ಲನ್ನು ಗಾಡಿಗೇರಿಸಿ ತಂದವನು ನಾನು. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು; ಅದರ ಮೇಲಿನ ಹೆಸರು ಓದಲು ನನಗೆ ಹೊತ್ತು ಹಿಡಿಯುತ್ತಿತ್ತು. ಆದರೆ ಅಂಥ ಕಲ್ಲನ್ನು ಒಂದು ಚಕ್ಕೆಯೂ ಏಳದಂತೆ ಇಳಿಸುವವನು ಆ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ.

ನೋಡಲು ಬಂದವರೆಲ್ಲ ತಾವೇ ತೆಗೆದ ನೂಲಿನ ಹಾರ ಹಾಕುತ್ತಿದ್ದರು. ಮಂಡ್ಯದ ಮೇಷ್ಟ್ರೊಬ್ಬರು ಗುಲಾಬಿ ಇಟ್ಟು ಕಣ್ಣೊರೆಸಿಕೊಂಡರು. ಅವ್ವ ದೂರ ನಿಂತು ನೋಡಿ, "ನೂಲ ತಿಂದಾನಾ ಅವ್ನು? ಹೊಟ್ಟೆಗೆ ಯಾರೂ ಏನೂ ತರಾಕಿಲ್ವಲ್ಲ" ಎಂದಳು.

ನಮ್ಮಲ್ಲಿ ಪಿತೃಪಕ್ಷಕ್ಕೆ, ಸತ್ತವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೇ ಎಡೆ ಇಡಬೇಕು. ಕಾಗೆ ಮುಟ್ಟಿದರೆ ಸತ್ತವನು ಉಂಡ ಹಾಗೆ. ಮನೆಯವರ ಊಟ ಆಮೇಲೆ. ತಮ್ಮ ಸತ್ತ ಲಾಗಾಯ್ತು ಸೂರಿನ ಮೇಲಿಟ್ಟ ಎಡೆಯನ್ನು ಕಾಗೆ ಮುಟ್ಟಿರಲಿಲ್ಲ.

"ಬೀದೀಲಿ ಬಿದ್ದೋನು ಮನೇಗ್ ಬತ್ತಾನಾ? ಅವನಿರೋ ತಾವೇ ಇಡ್ತೀನಿ" ಎಂದು ಕಲ್ಲು ನೆಟ್ಟ ವರ್ಷ ಅವ್ವ ಹಠ ಹಿಡಿದಳು.

ಬಾಳೆಲೆಯಲ್ಲಿ ಮುದ್ದೆ, ಕೋಳಿ ಸಾರು, ಪಕ್ಕದಲ್ಲೊಂದು ಕುಡಿಕೆ ಹೆಂಡ. ಕಲ್ಲಿನ ಮುಂದೆ ಇಟ್ಟು ಹಿಂದೆ ಸರಿದು ಕೂತೆವು. ಹುಣಸೆ ಮರದಿಂದ ಕಾಗೆಯೊಂದು ಕಲ್ಲಿನ ನೆತ್ತಿಗಿಳಿದು ಎಲೆಯತ್ತ ಕತ್ತು ಬಾಗಿಸಿತು. ಅವ್ವ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಅಷ್ಟರಲ್ಲಿ ಸಮಿತಿಯ ಯಜಮಾನರು ಹಾರ ಹಿಡಿದ ನಾಲ್ವರೊಂದಿಗೆ ಬಂದು ಕೊಡೆ ಬೀಸಿದರು. ಕಾಗೆ ಹಾರಿಹೋಯಿತು.

"ಏನಿದು ಅಸಹ್ಯ? ಅಹಿಂಸೆಗೆ ಪ್ರಾಣ ಕೊಟ್ಟವರ ಮುಂದೆ ಬಾಡು, ಹೆಂಡ!"

ಅವ್ವ ಕೈ ಮುಗಿದಳು. "ಅವನ್ಗೆ ಇಷ್ಟ ಸಾಮಿ. ಒಂದ್ಗಳಿಗೆ ಬುಡಿ, ಕಾಗೆ ಬಂದಿತ್ತು."

"ಅವರೀಗ ನಿಮ್ಮ ಮಗ ಅಲ್ಲಮ್ಮ. ನಾಡಿನ ಮಗ."

"ನಾಡಿನ ಮಗನ್ಗೆ ಹೊಟ್ಟೆ ಇರಾಕಿಲ್ವಾ ಬುದ್ದಿ?"

ಜೊತೆಗಿದ್ದವನೊಬ್ಬ ಕಿಸಕ್ಕನೆ ನಕ್ಕ. ಯಜಮಾನರು ಕೊಡೆಯ ತುದಿಯಿಂದ ಎಲೆಯನ್ನು ಚರಂಡಿಗೆ ತಳ್ಳಿದರು; ಕುಡಿಕೆ ಉರುಳಿ ಹೆಂಡ ಮಣ್ಣುಪಾಲಾಯಿತು. ನಾನು ಅವರ ಕೊರಳಪಟ್ಟಿಗೆ ಕೈ ಹಾಕಿದೆ. ನಾಲ್ವರೂ ಸೇರಿ ನನ್ನನ್ನು ಕೆಡವಿ ಒದ್ದರು. ಆಮೇಲೆ ಮೈಮೇಲಿನ ಧೂಳು ಕೊಡವಿಕೊಂಡು, ಹಾರ ಹಾಕಿ, ಕಣ್ಣು ಮುಚ್ಚಿ ಮೌನವಾಗಿ ನಿಂತರು. ಆ ಮೌನದಲ್ಲಿ, ಚರಂಡಿಯೊಳಗೆ ನಾಯಿಗಳು ಕೋಳಿಯ ಮೂಳೆ ಕಡಿಯುವುದು ಚೆನ್ನಾಗಿ ಕೇಳುತ್ತಿತ್ತು.

ಅವರು ಹೋದ ಮೇಲೂ ಅವ್ವ ಸಂಜೆಯವರೆಗೆ ಕಾದಳು. ಕಾಗೆ ಬರಲಿಲ್ಲ.

"ನಮ್ ಗದ್ದೆ ಬದೀಲಿ ಇನ್ನೊಂದ್ ಕಲ್ಲು ನೆಡ್ತೀನಿ ಕಣವ್ವ, ಇದಕ್ಕಿಂತ ದೊಡ್ಡದು" ಎಂದೆ. "ಅಲ್ಲಿ ಯಾವನ್ ಬತ್ತಾನೋ ನೋಡ್ತೀನಿ."

ಅವ್ವ ಖಾಲಿ ಕುಡಿಕೆಯನ್ನು ಸೆರಗಿನಿಂದ ಒರೆಸುತ್ತಿದ್ದಳು. ನನ್ನ ಮುಖ ನೋಡಲಿಲ್ಲ.

"ಅಲ್ಲಿ ಅವನೆಲ್ಲಿರ್ತಾನ್ಲಾ? ನೀನೇ ಅವನ್ನ ನಿನ್ ಗಾಡೀಲಿ ಹೇರ್ಕೊಂಡ್ ಬಂದು ಇವರ್ಗೆ ಕೊಟ್ಬುಟ್ಯಲ್ಲ."