ಯಾರೂ ಮುಟ್ಟದ ತಟ್ಟೆ

ಸವೆದು ಸವೆದು ಕಣ್ಣಿಗೆ ಕಾಣದಷ್ಟು ಸಣ್ಣದಾದ ಪ್ಲಾಸ್ಟಿಕ್ ಕಣವೊಂದು ಉಸಿರಿನೊಡನೆ ಒಳಗೆ ಹೋದರೆ ಶ್ವಾಸಕೋಶದ ಜೀವಕೋಶಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು, ಅದು ಪ್ರಶ್ನೆಯೇ ಅಲ್ಲವೆಂದು ಹಲವರು ಮೂಗು ಮುರಿಯುತ್ತಿದ್ದ ಕಾಲದಲ್ಲಿ ಕೈಗೆತ್ತಿಕೊಂಡವರು ಈಗ ನಿವೃತ್ತರಾಗುತ್ತಿರುವ ಈ ಹಿರಿಯ ಪ್ರಾಧ್ಯಾಪಕಿ. ಶಿಷ್ಯರ ಬಾಯಲ್ಲಿ ಅವರು ಉಸಿರು ಮೇಡಂ. ಆ ಹೆಸರು ತಮ್ಮ ಕಿವಿಗೆ ಬಿದ್ದೇ ಇಲ್ಲವೆಂಬಂತೆ ಅವರು ಇಷ್ಟು ವರ್ಷ ಗಂಭೀರವಾಗಿ ನಟಿಸಿದ್ದಾರೆ.

ಹೆಸರಿಗೆ ಕಾರಣವಿತ್ತು. ಅವರ ಪ್ರಯೋಗಾಲಯದಲ್ಲಿ ಜೀವಕೋಶಗಳ ಹಲವು ತಟ್ಟೆಗಳಿಗೆ ಪ್ಲಾಸ್ಟಿಕ್ ಕಣಗಳನ್ನು ಹಾಕುತ್ತಿದ್ದರು; ಒಂದಕ್ಕೆ ಮಾತ್ರ ಏನನ್ನೂ ಹಾಕುತ್ತಿರಲಿಲ್ಲ, ಅದು 'ಯಾರೂ ಮುಟ್ಟದ ತಟ್ಟೆ'. ಉಳಿದವುಗಳ ಹಾನಿಯನ್ನು ಅಳೆಯುತ್ತಿದ್ದದ್ದು ಅದರ ಪಕ್ಕದಲ್ಲಿಟ್ಟು. ಆ ತಟ್ಟೆಯ ಮುಚ್ಚಳ ತೆಗೆಯುವಾಗ, ಉಸಿರಿನಿಂದಲೂ ಏನೂ ಒಳಗೆ ಬೀಳದಿರಲೆಂದು ಮೇಡಂ ಉಸಿರು ಬಿಗಿಹಿಡಿಯುತ್ತಿದ್ದರು. ಅವರನ್ನು ನೋಡಿ ಕೋಣೆಯೇ ಉಸಿರು ಹಿಡಿಯುತ್ತಿತ್ತು.

ಆ ತಟ್ಟೆಗಳಲ್ಲೆಲ್ಲ ಇದ್ದವು ಅವರ ಅಕ್ಕನ ಜೀವಕೋಶಗಳು. ತಂದೆ ತೀರಿಕೊಂಡ ಮೇಲೆ ಮನೆಯಲ್ಲೇ ನೈಲಾನ್ ಪರದೆ ಹೊಲಿದು ತಂಗಿಯನ್ನು ಓದಿಸಿದಾಕೆ ಆಕೆ. ಹೊಲಿಗೆ ಯಂತ್ರದ ಪಕ್ಕ, ನೆಲದ ಮೇಲೆ ಪುಸ್ತಕ ಹರಡಿಕೊಂಡು ತಂಗಿ ಓದುತ್ತಿದ್ದಳು. ಮುಂದೆ ಶಸ್ತ್ರಚಿಕಿತ್ಸೆಯಲ್ಲಿ ಶ್ವಾಸಕೋಶದ ಒಂದು ಭಾಗ ತೆಗೆಯಬೇಕಾಗಿ ಬಂದಾಗ ಅಕ್ಕ ಒಪ್ಪಿಗೆಯ ಸಹಿ ಹಾಕಿ, "ಹೆಂಗೂ ಬಿಸಾಕ್ತಾರಲ್ಲ, ನಿನಗೆ ಬೇಕಾದ್ರೆ ಇಟ್ಕೋ. ಚಿಕ್ಕಂದಿನಿಂದ ನನ್ನದನ್ನೆಲ್ಲ ಕಿತ್ಕೊಂಡೇ ಬೆಳೆದಿದೀಯ" ಎಂದು ನಕ್ಕಿದ್ದರು. ಅಕ್ಕ ಹೋದರು. ರೋಗ ತಗುಲದ ಅಂಚಿನ ಜೀವಕೋಶಗಳು ಗಾಜಿನ ಸೀಸೆಗಳಲ್ಲಿ ಹೆಪ್ಪುಗಟ್ಟಿ ಉಳಿದವು. ಬೇಕಾದಾಗ ಒಂದು ಸೀಸೆ ಕರಗಿಸಿ ಬೆಳೆಸಿದರೆ, ಸೂಕ್ಷ್ಮದರ್ಶಕದಡಿ ಅವುಗಳ ಸಣ್ಣ ರೋಮಗಳು ಒಂದೇ ದಿಕ್ಕಿಗೆ ಬಡಿಯುತ್ತಿದ್ದವು, ಕಾಣದ ಏನನ್ನೋ ಹೊರಗೆ ಗುಡಿಸುತ್ತಿರುವಂತೆ. ಆಕೆಯನ್ನು ಕಳೆದುಕೊಂಡು ಎಷ್ಟೋ ಕಾಲವಾಗಿದ್ದರೂ ಆ ಗುಡಿಸುವಿಕೆ ನಿಂತಿರಲಿಲ್ಲ.

ಮೇಡಂ ಅವರ ಉಪಕಾರ ನೆನೆಯದ ಶಿಷ್ಯರಿಲ್ಲ. ಒಬ್ಬಾಕೆಯ ತಂದೆ ಆಸ್ಪತ್ರೆ ಸೇರಿದಾಗ ರಜೆಯ ದಿನವೂ ಬಂದು ಅವಳು ಬೆಳೆಸುತ್ತಿದ್ದ ಜೀವಕೋಶಗಳಿಗೆ ಪೋಷಕದ್ರವ ಬದಲಿಸಿದವರು ಅವರೇ. ಆ ಶಿಷ್ಯೆಯೇ ಒಂದು ಮಧ್ಯಾಹ್ನ ಬಿಳಿಚಿಕೊಂಡು ಬಂದು ನಿಂತಳು.

"ಮೇಡಂ, ಏನೂ ಹಾಕದ ಪ್ಲೇಟಲ್ಲೂ ಕಣ ಇದೆ. ಜೀವಕೋಶದ ಒಳಗೇ."

ಮೇಡಂ ಬೈಯಲಿಲ್ಲ. ನೀರು ಬದಲಾಯಿತು, ಕೈಗವಸು ಬದಲಾಯಿತು, ತಟ್ಟೆ ಗಾಜಿನದಾಯಿತು. ಕಣಗಳು ಮಾತ್ರ ಹೋಗಲಿಲ್ಲ. ಅವು ಪ್ರಯೋಗಾಲಯದಿಂದ ಸೇರಿದವೋ, ಅಕ್ಕನೊಂದಿಗೇ ಬಂದವೋ ಎಂದು ತಿಳಿಯಲು ಇದ್ದದ್ದು ಒಂದೇ ದಾರಿ: ಎಂದೂ ತೆರೆಯದ ಸೀಸೆಯೊಂದನ್ನು ಬೆಳೆಸದೆ, ಕರಗಿಸಿದ ಕೂಡಲೇ ಪ್ಲಾಸ್ಟಿಕ್ ಮಿನುಗುವಂತೆ ಮಾಡುವ ಬಣ್ಣ ಹಾಕಿ ನೋಡುವುದು. ಬಣ್ಣ ಹಾಕಿದರೆ ಜೀವಕೋಶಗಳು ಉಳಿಯುವುದಿಲ್ಲ. ಉಳಿದಿದ್ದದ್ದು ಕೊನೆಯ ಸೀಸೆ.

"ಬೇಡ ಮೇಡಂ, ಇದಾದ್ರೂ ಇರ್ಲಿ," ಎಂದಳು ಶಿಷ್ಯೆ.

"ಇಟ್ಕೊಂಡು ಏನಮ್ಮ ಮಾಡ್ಲಿ? ಇಷ್ಟು ವರ್ಷ ಬರೆದಿದ್ದೆಲ್ಲ ನಮ್ಮಕ್ಕನ್ನ ನಂಬಿ ಬರೆದಿದ್ದು. ನೋಡ್ಲೇಬೇಕು."

ನೋಡಿದರು. ಪ್ರತಿ ಜೀವಕೋಶದ ನಡುವಿನ ಕಪ್ಪು ಕೋಶಕೇಂದ್ರದ ಸುತ್ತ ಕಣಗಳು ಸಾಲಾಗಿ ಮಿನುಗುತ್ತಿದ್ದವು, ಅಕ್ಕ ಪರದೆಯ ನೈಲಾನ್ ಬಟ್ಟೆ ಕತ್ತರಿಸುವಾಗ ಕಿಟಕಿಯ ಬಿಸಿಲಲ್ಲಿ ಮಿನುಗುತ್ತಿದ್ದ ಧೂಳಿನ ಹಾಗೆಯೇ. ಯಾರೂ ಮುಟ್ಟದ ತಟ್ಟೆ ಎಂದೂ ಇರಲೇ ಇಲ್ಲ. ಕೋಣೆಯಲ್ಲಿದ್ದವರೆಲ್ಲ ಅಭ್ಯಾಸಬಲದಿಂದ ಉಸಿರು ಹಿಡಿದು ನಿಂತಿದ್ದರು.

"ಉಸಿರು ಬಿಡ್ರಪ್ಪ, ಇನ್ನು ಯಾಕೆ ಹಿಡ್ಕೊಂಡಿದೀರಿ," ಎಂದರು ಮೇಡಂ. ಆಮೇಲೆ ಅತ್ತರು, ಎಲ್ಲರೆದುರಿಗೇ.

ತಮ್ಮ ಹಳೆಯ ಲೇಖನಗಳಿಗೆ ತಾವೇ ತಿದ್ದುಪಡಿ ಬರೆದು ಪ್ರಕಟಿಸುವ ಎದೆಗಾರಿಕೆ ಈ ಕ್ಷೇತ್ರದಲ್ಲಿ ಎಷ್ಟು ಮಂದಿಗಿದೆ? ಹೆಸರು ಕೆಡುತ್ತದೆಂದು ಬುದ್ಧಿ ಹೇಳಿದವರಿಗೆ ಅವರು ಚಹಾ ಕೊಟ್ಟು ಕಳಿಸಿದರು. ಬಳಿಕ ವೈದ್ಯರ ಬಳಿ ಹೋಗಿ, ಮುಗಿದುಹೋದ ಅಕ್ಕನ ಜೀವಕೋಶಗಳ ಬದಲಿಗೆಂದು ತಮ್ಮದೇ ಶ್ವಾಸನಾಳದಿಂದ ಒಂದಿಷ್ಟು ಜೀವಕೋಶ ತೆಗೆಸಿಕೊಟ್ಟರು. ಅಕ್ಕನ ಪಕ್ಕ ಕೂತು ಅದೇ ಧೂಳನ್ನು ಉಸಿರಾಡಿದವರಲ್ಲವೇ!

ಆ ಜೀವಕೋಶಗಳು ಈಗ ಬೆಚ್ಚನೆಯ ಪೆಟ್ಟಿಗೆಯಲ್ಲಿ ಬೆಳೆಯುತ್ತಿವೆ. ಮುಚ್ಚಳದ ಮೇಲೆ ಮೇಡಂ ತಮ್ಮ ಕೈಯಾರೆ 'ತಂಗಿ' ಎಂದು ಬರೆದಿದ್ದಾರೆ. ಒಳಗೇನಿದೆ ಎಂದು ಶಿಷ್ಯೆ ನೋಡಿದ್ದಾಳೆ. ಅವರು ಕೇಳಿಲ್ಲ, ಅವಳು ಹೇಳಿಲ್ಲ. ಪಕ್ಕದ ಕೋಣೆಯಲ್ಲಿ ಬೀಳ್ಕೊಡುಗೆಯ ಭಾಷಣಗಳಿಗೆ ಮೇಡಂ ತಲೆದೂಗುತ್ತಿದ್ದಾಗಲೂ, ಗೋಡೆಯ ಈಚೆ ಅವರ ಜೀವಕೋಶಗಳ ರೋಮಗಳು ಒಂದೇ ಸಮನೆ ಗುಡಿಸುತ್ತಲೇ ಇದ್ದವು.

ವಿಶ್ರಾಂತಿಗೆ ಹೊರಟ ಮೇಡಂ ಅವರಿಗೂ, ಕೆಲಸದಲ್ಲೇ ಉಳಿದ ತಂಗಿಗೂ ಆಯುಷ್ಯ ಗಟ್ಟಿಯಾಗಿರಲಿ. ಇಬ್ಬರ ಉಸಿರೂ ಹಗುರವಾಗಿರಲಿ.