ಚಂಚಿ ಬಿಚ್ಚುವ ಹೊತ್ತು

ಬೆಳಗೆದ್ದು ಕನ್ನಡಿಯ ಮುಂದೆ ಬಾಯಿ ತೆರೆದು, ಮೊಬೈಲಿನ ಬೆಳಕು ಬಿಟ್ಟು, ಕ್ಯಾನ್ಸರಿನ ಗುರುತು ಇದೆಯೇ ಎಂದು ಒಳಗೆಲ್ಲ ನೋಡಿಕೊಳ್ಳುವುದು ನನ್ನ ಚಟ. ತಂಬಾಕು ಮುಟ್ಟದ ಮಾಸ್ತರನಿಗೆ ಇದೇನು ಹುಚ್ಚು ಎಂದು ಹೆಂಡತಿ ಕೇಳುವುದನ್ನೂ ಬಿಟ್ಟಿದ್ದಾಳೆ. ಕಳೆದ ಮಳೆಗಾಲದಲ್ಲಿ ಕೆನ್ನೆಯ ಒಳಗೆ ಒಂದು ಬಿಳಿ ಗೆರೆ ಸಿಕ್ಕೇಬಿಟ್ಟಿತು. ಬಸವಕಲ್ಯಾಣದ ಹಲ್ಲಿನ ಡಾಕ್ಟರರಿಗೆ ನನ್ನ ಮುಖ ಕಂಡರೇ ನಗು ಬರುತ್ತದೆ. ಹಾಗಾಗಿ ಹುಮನಾಬಾದಿನ ಬಸ್ಸು ಹತ್ತಿದೆ.

ನಮ್ಮ ಸೋಯಾ ಹೊಲಕ್ಕೆ ಕಸ ತೆಗೆಯಲು ಬರುವ ಹೆಂಗಸರ ಮುಂದಾಳು ಅದೇ ಬಸ್ಸಿನಲ್ಲಿದ್ದಳು. ನಾನು ಅವಳನ್ನು ಅಕ್ಕ ಎಂದೇ ಕರೆಯುವುದು. ಹುಮನಾಬಾದಿನಲ್ಲಿರುವ ಮಗಳ ಮನೆಗೆ ಹೊರಟಿದ್ದಳು. ನನ್ನ ಗೆರೆಯ ಕಥೆ ಕೇಳಿ, "ನಾನೂ ಬರ್ತೀನಿ ನಡೀರಿ. ಅಲ್ಲೇ ಎಚ್ಚರ ತಪ್ಪಿ ಬಿದ್ರ ಎತ್ತಾಕ ಒಬ್ರು ಬೇಕಲ್ಲ" ಎಂದಳು.

ಹುಮನಾಬಾದಿನ ಹಲ್ಲಿನ ಡಾಕ್ಟರಮ್ಮ ನನ್ನ ಕೆನ್ನೆ ಎಳೆದು ನೋಡಿದರು. "ಚಿಂತಿ ಮಾಡೋವಾಗ ಕೆನ್ನಿ ಕಚ್ಚತೀರಿ. ಅದರದೇ ಗೆರಿ ಇದು. ಏನೂ ಇಲ್ಲ, ಏಳ್ರಿ."

ಬಾಗಿಲಲ್ಲಿ ನಿಂತ ಅಕ್ಕ ಬಾಯಿ ತುಂಬ ನಕ್ಕಳು. ಆ ಕೆಂಪು ಹಲ್ಲುಗಳನ್ನು ಡಾಕ್ಟರಮ್ಮ ನೋಡಿದರು.

"ಅವ್ವಾ, ನೀವೂ ಒಂದ್ಸಲ ಕೂಡ್ರಿ. ತಂಬಾಕ ಎಲ್ಲಿ ಇಟ್ಕೋತೀರಿ?"

"ಕೆಳದುಟಿ ಒಳಗ್ರಿ. ಇಪ್ಪತ್ತು ವರ್ಷ ಆತು, ಜಾಗಾ ಬದಲಿ ಮಾಡಿಲ್ಲ."

ಅದೇ ಜಾಗದಲ್ಲಿ ಸುಣ್ಣ ಬಳಿದಂತೆ ಬಿಳಿ ಮಚ್ಚೆಯಿತ್ತು. ಡಾಕ್ಟರಮ್ಮ ಬಟ್ಟೆಯಿಂದ ಒರೆಸಿದರು, ಹೋಗಲಿಲ್ಲ. "ಇದು ಕ್ಯಾನ್ಸರ್ ಅಂತ ನಾ ಹೇಳಾಕತ್ತಿಲ್ಲ. ಹಿಂಗೇ ಬಿಟ್ರ ಮುಂದ ಆಗಬಹುದು. ಒಂದು ಚೂರು ತಗದು ಪರೀಕ್ಷಾಕ ಕಳಸ್ತೀನಿ. ತಂಬಾಕ ಮಾತ್ರ ಇವತ್ತೇ ಬಿಡಬೇಕು."

ಅಕ್ಕ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ, "ತಗೀರಿ. ಮೊದಲ ಮಾಸ್ತರನ್ನ ಹೊರಗ ಕೂಡಸ್ರಿ" ಎಂದಳು. ನಾನು ಹೊರಗೆ ಕೂತೆ.

ಪರೀಕ್ಷೆಯ ಕಾಗದ ಬಂತೇ ಎಂದು ದಿನಾ ಫೋನು ಮಾಡಿದವನು ನಾನು, ಅವಳಲ್ಲ. ಕ್ಯಾನ್ಸರ್ ಇರಲಿಲ್ಲ. ಆದರೆ ಬಾಯಿಯ ಒಳಪದರ ಬದಲಾಗತೊಡಗಿತ್ತು; ಮತ್ತೆ ಮತ್ತೆ ತೋರಿಸಬೇಕು ಎಂದರು.

ಹೊಲದಲ್ಲಿ ಹೆಂಗಸರು ದಿನಕ್ಕೆ ನಾಲ್ಕು ಸಲ ಬದುವಿನ ಮೇಲೆ ಕೂತು, ಎಲೆ ತಂಬಾಕಿನ ಬಟ್ಟೆಚೀಲವಾದ ಚಂಚಿ ಬಿಚ್ಚುತ್ತಾರೆ. ಆಗ ಯಾವ ಹೊಲದವನೂ ಏನೂ ಅನ್ನುವುದಿಲ್ಲ. ಸುಮ್ಮನೆ ಕೂತರೆ ಮಾತ್ರ "ಯಾಕ ಕುಂತ್ರಿ?" ಎನ್ನುತ್ತೇವೆ. ನಾನೂ ಅಂದಿದ್ದೇನೆ. ತಂಬಾಕು ಬಿಟ್ಟ ಅಕ್ಕನಿಗೆ ಕೂಡಲು ನೆಪವಿರಲಿಲ್ಲ. ಎರಡು ದಿನ ಉಳಿದವರು ಕೂತಾಗಲೂ ಅವಳೊಬ್ಬಳೇ ಬಗ್ಗಿ ಕಸ ತೆಗೆದಳು. ಸಂಜೆ ಸೊಂಟ ಹಿಡಿದುಕೊಂಡೇ ಮನೆಗೆ ಹೋದಳು.

ಮೂರನೆಯ ದಿನ ನೋಡಿದರೆ ಎಲ್ಲರ ನಡುವೆ ಕೂತಿದ್ದಾಳೆ, ತೊಡೆಯ ಮೇಲೆ ಚಂಚಿ. ನಾನು ಕೆಸರಲ್ಲಿ ಚಪ್ಪಲಿ ಬಿಟ್ಟು ಓಡಿದೆ.

"ಅಕ್ಕಾ, ಮತ್ತ ಶುರು ಮಾಡಿದೇನು?"

ಅವಳು ಚಂಚಿ ಅಗಲಿಸಿ ತೋರಿಸಿದಳು. ಬರೀ ಬಡೇಸೋಪು, ಊಟದ ಮೇಲೆ ಅಗಿಯುವ ಸೋಂಪಿನ ಕಾಳು. "ತಂಬಾಕ ಬಿಟ್ಟೀನ್ರಿ ಮಾಸ್ತರ. ಕೂಡೋದು ಬಿಟ್ಟಿಲ್ಲ."

ಮೂವತ್ತು ವರ್ಷ ಪಾಠ ಹೇಳಿದ ನಾನು ಕೆಸರಲ್ಲಿ ಚಪ್ಪಲಿ ಹುಡುಕಲು ಹೊರಟೆ. ಇನ್ನು ನಮ್ಮ ಹೊಲದಲ್ಲಿ ಕೂಡಲಿಕ್ಕೆ ಚಂಚಿ ಬೇಕಿಲ್ಲ ಎಂದು ಹೇಳಿದ್ದು ಮರುದಿನ, ಅದೂ ತೊದಲುತ್ತ. ಅಷ್ಟರಲ್ಲಿ ಅವಳು ಒಬ್ಬೊಬ್ಬರ ತುಟಿ ಕೆಳಗೆಳೆದು ಬಿಸಿಲಿಗೆ ಹಿಡಿದು ನೋಡತೊಡಗಿದ್ದಳು. ಹಾಗೆ ನೋಡಿಯೇ ಇಬ್ಬರನ್ನು ಹುಮನಾಬಾದಿಗೆ ಕಳಿಸಿದಳು.

ಮೂರು ತಿಂಗಳಿಗೆ ಅಕ್ಕ ಮತ್ತೆ ತೋರಿಸಲು ಹೋದಾಗ ನಾನೂ ಜೊತೆಗಿದ್ದೆ. "ಮಚ್ಚಿ ಕಮ್ಮಿ ಆಗ್ಯದ. ಪೂರಾ ಹೋಗಿಲ್ಲ. ಬರೋದು ಬಿಡಬ್ಯಾಡ್ರಿ" ಎಂದರು ಡಾಕ್ಟರಮ್ಮ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನಾನು 'ಪೂರಾ ಹೋಗಿಲ್ಲ' ಎಂಬುದನ್ನೇ ಮೆಲುಕು ಹಾಕುತ್ತಿದ್ದೆ. ಅಕ್ಕ ಚಂಚಿ ಬಿಚ್ಚಿ ನನ್ನ ಅಂಗೈಗೆ ಒಂದು ಚಿಟಿಕೆ ಬಡೇಸೋಪು ಹಾಕಿದಳು.

"ಮತ್ತ ಕೆನ್ನಿ ಕಚ್ಚಾಕತ್ತೀರಿ. ಇದನ್ನ ಕಚ್ಚರಿ."